ಫೂಟ್ ಅವರ ಕಪ್ಪತಗುಡ್ಡ : ಒಂದು ವಿಮರ್ಶೆ

ಮುಶಿಗೇರಿಯನ್ನೊಳಗೊಂಡ ಗದಗ ಜಿಲ್ಲೆಯ ಲೋಹೇತಿಹಾಸಕ್ಕೆ, ಡಂಬಳದ ಗುಡ್ಡಗಳ ಸುವರ್ಣಶಿಲೆಗಳನ್ನು ಕುರಿತು ರಾಬರ್ಟ್ ಬ್ರೂಸ್ ಫೂಟ್ ಅವರು 1874ರಲ್ಲಿ ಪ್ರಕಟಿಸಿದ ಲೇಖನವು ಮುಖ್ಯವಾದ ಆಧಾರ. ಶಿಲೆಯನ್ನೂ, ಹಳ್ಳದ ಮರಳಿನಲ್ಲಿ ಚಿನ್ನ ತೊಳೆಯುವ ಜಾಲಗಾರರ ಕಸುಬನ್ನೂ ಕೂಡಿಯೇ ಕಂಡದ್ದು ಅದರ ಗುಣ.

ಆದರೆ ಈ ಗುಡ್ಡಸಾಲಿನ ಕಬ್ಬಿಣದ ಪಟ್ಟೆಗಳ ಮಡಿಕೆಗಳನ್ನು ತೋರಿಸಿ, ಭೂಗರ್ಭದಲ್ಲಿ ಲೋಹವು ಹೀಗೆಯೇ ಬಾಗುತ್ತದೆಂದು ಬೋಧಿಸುವುದನ್ನು ನಾವು ಒಪ್ಪಲಾರೆವು. ಇಲ್ಲಿ ಬಾಗಿರುವುದು ಕಬ್ಬಿಣದ ಆಕ್ಸೈಡು ಮತ್ತು ಸಿಲಿಕಾ. ಅದೂ ಭೂಮಿಯ ಹೊರಚಿಪ್ಪಿನಲ್ಲಿ, ಕೆಲವು ನೂರು ಡಿಗ್ರಿ ಶಾಖದಲ್ಲಿ. ಲೋಹರೂಪದ ಕಬ್ಬಿಣವು ಘನವಾಗಿ ನೆಲೆಸಿರುವುದು ಸುಮಾರು 5150 ಕಿ.ಮೀ. ಆಳದಿಂದ ಕೆಳಗಿನ ಒಳತಿರುಳಿನಲ್ಲಿ. ಭೂಕಂಪದ ಅಲೆಗಳಿಂದ ಇಂಗೆ ಲೆಹ್ಮನ್ ಅವರು ಅದನ್ನು ಗುರುತಿಸಿದ್ದು 1936ರಲ್ಲಿ. ಅಲ್ಲಿ 5000 ಡಿಗ್ರಿಯಷ್ಟು ಶಾಖವಿದ್ದರೂ, ಸುಮಾರು 33 ಲಕ್ಷ ವಾಯುಮಂಡಲಗಳ ಒತ್ತಡವು ಕಬ್ಬಿಣವನ್ನು ಕರಗಗೊಡದು. ಪರಮಾಣುಗಳು ದಟ್ಟವಾಗಿ ಅಡಕಗೊಂಡು, ಲೋಹವು ಘನವಾಗಿದ್ದುಕೊಂಡೇ ಅತಿ ನಿಧಾನವಾಗಿ ಹರಿಯುತ್ತದೆಂಬುದು ವಿಜ್ಞಾನಿಗಳ ಊಹೆ.

1874ರಲ್ಲಿ ಫೂಟ್ ಅವರು ಇದನ್ನು ಅರಿಯದಿದ್ದುದು ದೋಷವೆನಿಸದು. ಅವರು ಕಂಡ ಗುಡ್ಡದಿಂದ, ಅದು ಹೇಳಲಾರದ ಮಾತನ್ನು ಹೇಳಿಸುವುದು ನಮ್ಮ ಪಾಠದ ದೋಷ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ಈ ಎರಡು ಆಳಗಳನ್ನು ಬೇರ್ಪಡಿಸಿ ತಿಳಿಸಬೇಕೆಂದು ನಮ್ಮ ಅರಿಕೆ.