ಅಕ್ಕನ ಕೈ, ಬಿದ್ದ ಗೋಡೆ

ನಮ್ಮ ಮನೆಗಳಲ್ಲಿ ಮೊದಲು ಪದವಿ ಕಂಡವರು ನಾವು. ಹಾಸ್ಟೆಲಿನ ಮೊದಲ ರಾತ್ರಿ ಹೇಗಿರುತ್ತದೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿಗಳು ವಿಶ್ವವಿದ್ಯಾನಿಲಯದಲ್ಲಿ ತಮ್ಮ ಮಕ್ಕಳನ್ನು ಕಾಪಾಡಿಕೊಳ್ಳುವ ಬಗೆಯನ್ನು ಓದಿದಾಗ ಅದು ಪರದೇಶದ ಸುದ್ದಿ ಅನ್ನಿಸಲಿಲ್ಲ.

ಮಾವೋರಿ ಭಾಷೆಯಲ್ಲಿ 'ತುವಾಕನ' ಅಂದರೆ ಗಂಡಿಗೆ ಅಣ್ಣ, ಹೆಣ್ಣಿಗೆ ಅಕ್ಕ. ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ಈ ಹೆಸರಿನದೇ ಒಂದು ವ್ಯವಸ್ಥೆ ಇದೆ. ಮುಂದಿನ ತರಗತಿಯ ಮಾವೋರಿ ಮತ್ತು ಪೆಸಿಫಿಕ್ ದ್ವೀಪದ ವಿದ್ಯಾರ್ಥಿಗಳು ಹೊಸಬರ ಜೊತೆ ಕೂತು ಓದಿಸುತ್ತಾರೆ, ಕಷ್ಟಸುಖ ಕೇಳುತ್ತಾರೆ. ಅವರ 'ಅಕೊ' ಎಂಬ ಒಂದೇ ಮಾತಿಗೆ ಕಲಿಯುವುದು, ಕಲಿಸುವುದು ಎರಡೂ ಅರ್ಥ. ತಮ್ಮನಿಗೆ ಗೊತ್ತಿರುವುದನ್ನು ಅಣ್ಣನೂ ಕಲಿಯಬೇಕು. ಹೆಬ್ಬೆರಳು ಕೇಳಿದ ಗುರುವಿನ ಕತೆ ಕೇಳಿ ಬೆಳೆದ ನಮಗೆ ಇದು ಸಣ್ಣ ಮಾತಲ್ಲ.

ಮಾವೋರಿ ಮನೋವೈದ್ಯ ಮೇಸನ್ ಡ್ಯೂರಿ 1984ರಲ್ಲಿ ಒಂದು ವಿಚಾರ ಮುಂದಿಟ್ಟರು. ಆರೋಗ್ಯವೆಂಬುದು ನಾಲ್ಕು ಗೋಡೆಯ ಮನೆ: ದೇಹ, ಮನಸ್ಸು, ಆತ್ಮ, ಕುಟುಂಬ. ಒಂದು ಕುಸಿದರೂ ಮನೆ ನಿಲ್ಲದು. ಪರೀಕ್ಷೆ ಬಿಟ್ಟು ಮಂಕಾಗಿ ಕೂತ ಹುಡುಗನನ್ನು 'ಇವನಿಗೆ ತಲೆ ಸರಿ ಇಲ್ಲ' ಅನ್ನದೆ, ಯಾವ ಗೋಡೆ ಬಿತ್ತು ಅಂತ ಕೇಳಲು ಇದು ಕಲಿಸುತ್ತದೆ. ಒಪ್ಪಿದೆವು. ಆದರೆ ನಮ್ಮ ತಕರಾರು ಇಲ್ಲೇ ಶುರು. ಗೋಡೆ ಬೀಳಿಸಿದವರು ಯಾರು?

ಅದೇ ಆಕ್ಲೆಂಡಿನಲ್ಲಿ ಇಂಜಿನಿಯರಿಂಗ್ ಹುಡುಗರು ವರ್ಷವರ್ಷವೂ ಮಾವೋರಿಗಳ ಹಾಕಾ ಕುಣಿತವನ್ನು ಅಣಕಿಸುತ್ತಿದ್ದರು. ದೂರಿಗೆ ಬೆಲೆ ಸಿಗಲಿಲ್ಲ. 1979ರಲ್ಲಿ ಮಾವೋರಿ, ಪೆಸಿಫಿಕ್ ಯುವಕರು ನುಗ್ಗಿ ಎದುರಾದರು. ಅವರ ಮೇಲೆ ಕೇಸು ಬಿತ್ತು, ಅಣಕೂ ನಿಂತಿತು. 1972ರಲ್ಲಿ ತಮ್ಮ ಭಾಷೆಯನ್ನು ಶಾಲೆಯಲ್ಲಿ ಕಲಿಸಿ ಅಂತ 30,000ಕ್ಕೂ ಹೆಚ್ಚು ಸಹಿ ಹೊತ್ತು ಸಂಸತ್ತಿಗೆ ಹೋದವರಲ್ಲಿ ವಿದ್ಯಾರ್ಥಿಗಳೇ ಮುಂದಿದ್ದರು. 1971ರಲ್ಲಿ ಹುಟ್ಟಿದ ಪಾಲಿನೇಷ್ಯನ್ ಪ್ಯಾಂಥರ್ಸ್ ನಮ್ಮ ಮುಂಬೈಯ ದಲಿತ ಪ್ಯಾಂಥರ್ಸಿಗೆ ಒಂದು ವರ್ಷ ಹಿರಿಯಣ್ಣ. ಬೀದಿಯಲ್ಲಿ ಹೋರಾಡಿದ ಅದೇ ಹುಡುಗರು ಮಕ್ಕಳಿಗೆ ಮನೆಪಾಠದ ಕೇಂದ್ರಗಳನ್ನೂ ನಡೆಸಿದರು. ಅವರಿಗೆ ಪಾಠ ಬೇರೆ, ಹೋರಾಟ ಬೇರೆ ಆಗಿರಲಿಲ್ಲ.

ಈಗ ವಿಶ್ವವಿದ್ಯಾನಿಲಯಗಳು 'ಯೋಗಕ್ಷೇಮ' ಅನ್ನುವಾಗ ಈ ಚರಿತ್ರೆ ಜಾರಿಹೋಗಬಾರದು. ಅವಮಾನ ಮಾಡುವ ತರಗತಿ ಹಾಗೇ ಇದ್ದು, ಸಹಿಸುವುದನ್ನು ಮಾತ್ರ ಅಕ್ಕ ಕಲಿಸಬೇಕು ಅಂದರೆ ಅದು ಯಾರ ಕ್ಷೇಮ? ತನ್ನ ಓದು ಬಿಟ್ಟು ಹತ್ತು ಜನರ ದುಃಖ ಹೊರುವ ಹಿರಿಯ ವಿದ್ಯಾರ್ಥಿಗೆ ಸಂಬಳವಿಲ್ಲ, ಬಿಡುವಿಲ್ಲ, ಹೊಗಳಿಕೆ ಮಾತ್ರ ಅಂದರೆ ಅದನ್ನು ನಮ್ಮ ಕೇರಿಯಲ್ಲಿ ಬಿಟ್ಟಿಚಾಕರಿ ಅಂತಾರೆ. ಸಂಸ್ಕೃತಿಯ ಹೆಸರಿಟ್ಟರೂ ಬಿಟ್ಟಿ ಬಿಟ್ಟಿಯೇ.

ಹಾಗಂತ ಆ ಕೈ ಬೇಡ ಅನ್ನುವ ಕೊಬ್ಬು ನಮಗಿಲ್ಲ. ಅಂಥ ಕೈ ಸಿಗದೆ ಗಂಟುಮೂಟೆ ಕಟ್ಟಿ ಊರಿಗೆ ಹೋದ ಗೆಳೆಯರ ಮುಖ ಇನ್ನೂ ಕಣ್ಣಮುಂದಿದೆ. ಗೆಳೆಯರೇ, ಮೇಷ್ಟ್ರುಗಳೇ, ಈ ವರ್ಷ ಹಾಸ್ಟೆಲಿಗೆ ಬರುವ ಹುಡುಗಿಯ ಟ್ರಂಕು ಇಳಿಸಿಕೊಳ್ಳೋಣ. ಅವಳ ಮನೆಮಾತಲ್ಲೇ ಊಟ ಆಯ್ತಾ ಅಂತ ಕೇಳೋಣ. ಆಮೇಲೆ ಅವಳ ಜೊತೆಗೇ ಹೋಗಿ, ಗೋಡೆ ಬೀಳಿಸಿದವರನ್ನು ಲೆಕ್ಕ ಕೇಳೋಣ.