ವಿದ್ಯಾರ್ಥಿಗಳ ಸಾಮಾಜಿಕ ಮನೋಭಾವ: ಪ್ರಶ್ನಾವಳಿಯೂ ಕರಾವಳಿಯ ಮನೆಯೂ

ನಾನಾ ದೇಶಗಳ ಕಾಲೇಜು ವಿದ್ಯಾರ್ಥಿಗಳ ಮನೋಭಾವಗಳನ್ನು ಹೋಲಿಸಿದ ಗ್ರಂಥಗಳಲ್ಲಿ ಎರಡು ಗಣ್ಯವಾದುವು. ಗಿಲೆಸ್ಪಿ ಮತ್ತು ಆಲ್‌ಪೋರ್ಟ್ ಎಂಬ ವಿದ್ವಾಂಸರು 1955ರಲ್ಲಿ ಪ್ರಕಟಿಸಿದ ಅಧ್ಯಯನವು ಹತ್ತು ದೇಶಗಳಿಗೆ ಸಂಬಂಧಿಸಿದುದು. ಭಾರತ ಅವುಗಳಲ್ಲಿ ಸೇರಿರಲಿಲ್ಲ. 1956ರಲ್ಲಿ ಹೊರಬಂದ ಚಾರ್ಲ್ಸ್ ಮಾರಿಸ್ ಅವರ ಗ್ರಂಥದಲ್ಲಿ ಭಾರತೀಯ ವಿದ್ಯಾರ್ಥಿಗಳೂ ಇದ್ದರು. ಹದಿಮೂರು ಜೀವನಮಾರ್ಗಗಳ ವಿವರಣೆಯನ್ನೋದಿ, ಪ್ರತಿಯೊಂದಕ್ಕೂ ತಮ್ಮ ಒಲವಿಗನುಗುಣವಾಗಿ ಅವರು ಅಂಕವೀಯಬೇಕಾಗಿತ್ತು. ಈ ಪರಿಶ್ರಮ ಆದರಣೀಯವೇ. ಆದರೆ ದೇಶವೊಂದನ್ನು ಸಂಸ್ಕೃತಿಯೊಂದೆಂದು ಗ್ರಹಿಸಿ ಸರಾಸರಿಗಳನ್ನು ಹೋಲಿಸುವ ಕ್ರಮವು ನಮ್ಮ ಕರಾವಳಿಗೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ನಾವಿಲ್ಲಿ ವಿಚಾರಿಸಬೇಕಾಗಿದೆ.

ಕುಂದಾಪುರದಲ್ಲಿ ಭಂಡಾರ್ಕರ್ಸ್ ಕಾಲೇಜು ಸ್ಥಾಪಿತವಾದುದು 1963ರಲ್ಲಿ. ಈ ಪ್ರದೇಶದ ಕಾಲೇಜು ತರಗತಿಯೊಂದನ್ನು ಕಲ್ಪಿಸಿಕೊಳ್ಳೋಣ. ಬೈಂದೂರು ಕಡೆಯ ನವಾಯತ ಮುಸಲ್ಮಾನ ಹುಡುಗ, ಬ್ರಹ್ಮಾವರದ ಸಿರಿಯನ್ ಕ್ರೈಸ್ತ ಹುಡುಗಿ, ಮಕ್ಕಳಸಂತಾನದ ಬ್ರಾಹ್ಮಣ, ಅಳಿಯಸಂತಾನದ ಬಂಟ ಇವರೆಲ್ಲ ಅಲ್ಲಿ ಒಟ್ಟಿಗೆ ಕುಳಿತಾರು. ಕುಂದಗನ್ನಡ, ತುಳು, ಕೊಂಕಣಿ, ನವಾಯತಿ ಹೀಗೆ ಅವರ ಮನೆಮಾತುಗಳೂ ಹಲವು.

‘ಹೆಣ್ಣಿಗೆ ಆಸ್ತಿಯ ಹಕ್ಕಿರಬೇಕೇ?’ ಎಂದು ಅವರನ್ನು ಕೇಳಿದೆವೆನ್ನಿ. ಎಲ್ಲರೂ ‘ಹೌದು’ ಎಂದರೆ, ಪ್ರಗತಿಪರ ಮನೋಭಾವವೆಂದು ನಾವು ಗುರುತು ಹಾಕಿಕೊಳ್ಳುವೆವು. ವಾಸ್ತವದಲ್ಲಿ ಮಕ್ಕಳಸಂತಾನದವನಿಗೆ ಅದು ಸುಧಾರಣೆ. ತಾಯಿಯ ಸಂತತಿಯಲ್ಲಿಯೇ ಆಸ್ತಿ ಇಳಿದುಬಂದ ಅಳಿಯಸಂತಾನದವನಿಗೆ ಹಳೆಯ ಕಟ್ಟಳೆ. ಮುಸಲ್ಮಾನನಿಗೆ ಮಗಳ ಪಾಲನ್ನು ಗೊತ್ತುಮಾಡಿರುವ ಧರ್ಮವಿಧಿ. ಉತ್ತರ ಒಂದೇ, ಅರ್ಥ ಮೂರು. ‘ಮನೆಯಲ್ಲಿ ತಂದೆಯ ಮಾತೇ ಕೊನೆಯದೇ?’ ಎಂಬುದಕ್ಕೆ ಬಂಟನು ‘ಅಲ್ಲ’ ಎಂದರೆ ಅದು ಬಂಡಾಯವೆನ್ನುವಂತಿಲ್ಲ. ಅವನ ಹಿರಿಯರ ಮನೆಯಲ್ಲಿ ಯಜಮಾನಿಕೆ ಸೋದರಮಾವನದಾಗಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅಳಿಯಸಂತಾನದ ಆಸ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿತು. ಆದರೂ ಕಾಯಿದೆ ಬದಲಾದ ವೇಗದಲ್ಲಿ ಮನಸ್ಸು ಬದಲಾಗುವುದಿಲ್ಲ. ಬಳಿಯು ಇಂದಿಗೂ ತಾಯಿಯಿಂದಲೇ ಬರುತ್ತದೆ.

ಹಾಗಾದರೆ ಹೋಲಿಕೆಯೇ ವ್ಯರ್ಥವೇ? ನಮಗೆ ಹಾಗೆ ತೋರುವುದಿಲ್ಲ. ಗಿಲೆಸ್ಪಿ, ಆಲ್‌ಪೋರ್ಟ್ ಅವರು ಪ್ರಶ್ನಾವಳಿಯೊಂದಿಗೆ ಮತ್ತೊಂದನ್ನೂ ಬಯಸಿದ್ದರು: ವಿದ್ಯಾರ್ಥಿಯು ಕ್ರಿ.ಶ. 2000ದವರೆಗಿನ ತನ್ನ ಮುಂದಣ ಬಾಳನ್ನು ಆತ್ಮಚರಿತ್ರೆಯಾಗಿ ಬರೆಯಬೇಕು. ನಮಗೆ ಅನುಸರಣೀಯವಾದುದು ಈ ಮಾರ್ಗ. ಬರೆಯುವವನು ‘ನಮ್ಮ ಮನೆ’ ಎಂದಾಗ ಅದರಲ್ಲಿ ಯಾರಿದ್ದಾರೆ, ಯಾರ ಮಾತು ನಡೆಯುತ್ತದೆ ಎಂಬುದು ತಾನಾಗಿಯೇ ತಿಳಿದುಬರುತ್ತದೆ. ಅದನ್ನು ಅವನ ಮನೆಮಾತಿನಲ್ಲಿಯೇ ಬರೆಯಿಸಿದರೆ ಇನ್ನೂ ಲೇಸು.

ದೇಶದೇಶಗಳ ವಿದ್ಯಾರ್ಥಿಗಳನ್ನು ತೂಗುವ ಮುನ್ನ ಒಂದೇ ಬೆಂಚಿನ ಮೇಲೆ ಕುಳಿತ ನಾಲ್ವರನ್ನು ಅರಿಯುವುದು ನಮ್ಮ ಅಧ್ಯಾಪಕರ ಮೊದಲ ಕರ್ತವ್ಯ. ಅದನ್ನು ಬಿಟ್ಟು ಮಾಡಿದ ಹೋಲಿಕೆಯಲ್ಲಿ ಅಂಕಗಳು ಉಳಿದಾವು, ವಿದ್ಯಾರ್ಥಿ ಉಳಿಯಲಾರನು.