ಬಕ್ಕಣದ ಬ್ರೌನಿಂಗ್, ಸೊಂಟದ ಪ್ರಬಲ್

ಕಾನ್ಪುರದ ಸರ್ಕಾರಿ ಕಾರ್ಖಾನೆ 2023ರ ಆಗಸ್ಟ್‌ನಲ್ಲಿ ‘ಪ್ರಬಲ್’ ಎಂಬ ರಿವಾಲ್ವರನ್ನು ಹೊರತಂದ ಮೇಲೆ ಲೈಸೆನ್ಸ್ ಇರುವ ಮನೆಗಳಲ್ಲಿ ಒಂದು ಮಾತು ಎದ್ದಿದೆ: ಹಿರಿಯರ ಕಾಲದ ಕಿಸೆ ಪಿಸ್ತೂಲನ್ನು ಕೊಟ್ಟು ಹೊಸದನ್ನು ತರೋಣವೇ? ಸಿಂಧನೂರಿನ ಅಕ್ಕಿ ಗಿರಣಿಯ ಸಾಹುಕಾರರಿಗೆ, ಲಿಂಗಸುಗೂರು ಸೀಮೆಯ ಗೌಡರ ಮನೆತನಗಳಿಗೆ, ಮಸ್ಕಿಯಲ್ಲಿ ರಾಜಕಾರಣ ಮಾಡಿಕೊಂಡಿರುವವರಿಗೆ ಇದು ದೂರದ ಸುದ್ದಿಯೇನೂ ಅಲ್ಲ. “ಹಳೇದು ಬರೇ ಸಪ್ಪಳಕ್ಕ ಐತಿ, ಹೊಸಾದು ತಗೊಂಡ್ರ ಧೈರ್ಯ ಬರ್ತದ” ಎನ್ನುವವರಿದ್ದಾರೆ. ಬದಲಾಯಿಸುವುದು ಸರಿಯೆಂದೇ ನನ್ನ ಅಭಿಪ್ರಾಯ. ಧೈರ್ಯ ಬರುತ್ತದೆ ಎಂಬ ಕಾರಣಕ್ಕೆ ಬದಲಾಯಿಸುವುದು ಮಾತ್ರ ತಪ್ಪು. ಈ ವಿನಿಮಯದಲ್ಲಿ ಏಟಿನ ಜೋರು ಹೆಚ್ಚುವುದು ಅಷ್ಟಕ್ಕಷ್ಟೆ. ಕಡಿಮೆಯಾಗುವುದು ಅದೇ ಮನೆಯಲ್ಲಿ ಉಣ್ಣುವ, ಮಲಗುವ ಜನರಿಗಿರುವ ಅಪಾಯ. ಹೊಸ ಆಯುಧವನ್ನು ತೂಗಬೇಕಾದದ್ದು ಈ ಎರಡನೆಯ ತಕ್ಕಡಿಯಲ್ಲಿ.

ಹಳೆಯದರಿಂದ ಶುರು ಮಾಡೋಣ. ಕಿಸೆ ಪಿಸ್ತೂಲು ಎಂದರೆ ನಮ್ಮಲ್ಲಿ ಹೆಚ್ಚಾಗಿ ಎರಡು ಜಾತಿ: ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್, ಬೆಲ್ಜಿಯಂನ ಬ್ರೌನಿಂಗ್. ಜಾನ್ ಬ್ರೌನಿಂಗ್ ರೂಪಿಸಿದ 1906ರ ಮಾದರಿ ಈ ಜಾತಿಗೆಲ್ಲ ಮೂಲಪುರುಷನಿದ್ದ ಹಾಗೆ. 6.35 ಮಿ.ಮೀ. ಅಂದರೆ .25 ಬೋರು, ನಳಿಕೆ 54 ಮಿ.ಮೀ.ಗಿಂತ ಉದ್ದವಿಲ್ಲ, ತೂಕ ಸುಮಾರು 370 ಗ್ರಾಂ, ಮ್ಯಾಗಜೀನಿನಲ್ಲಿ ಆರು ಕಾಡತೂಸು. ಅಂಗೈಯಲ್ಲಿ ಮುಚ್ಚಿಹೋಗುವ ಈ ವಸ್ತು ಅಂಗಿಯ ಬಕ್ಕಣದಲ್ಲಿ ಕೂತರೆ ಎದುರಿಗಿದ್ದವನಿಗೆ ಸುಳಿವೂ ಸಿಗದು. ಒಂದೇ ಒಂದು ಮೂಲೆಯೂ ಬಟ್ಟೆಗೆ ಸಿಕ್ಕಿಕೊಳ್ಳದಂತೆ ನಯಗೊಳಿಸಿದ ಅದರ ಮೈಕಟ್ಟು ನಿಜಕ್ಕೂ ಕುಶಲ ಕೆಲಸ. ಇಂದಿಗೂ ಅದನ್ನು ಬಿಚ್ಚಿ ಜೋಡಿಸುವಾಗ ಆ ಮನುಷ್ಯನ ಬುದ್ಧಿಗೆ ತಲೆದೂಗಬೇಕು. ಮುಂದಿನ ಮಾತುಗಳು ಕಟುವಾಗಿರುವುದರಿಂದ ಈ ಮೆಚ್ಚುಗೆಯನ್ನು ಮೊದಲೇ ಹೇಳಿಬಿಡುತ್ತೇನೆ.

1980ರ ದಶಕದಲ್ಲಿ ಖಾಸಗಿಯವರಿಗೆ ವಿದೇಶಿ ಬಂದೂಕು ತರಿಸಿಕೊಳ್ಳುವ ದಾರಿ ಬಹುಮಟ್ಟಿಗೆ ಮುಚ್ಚಿತು. ಆಮೇಲೆ ದೇಶದೊಳಗೆ ಉಳಿದ ಬೆಲ್ಜಿಯಂ, ಜರ್ಮನಿ, ಇಂಗ್ಲೆಂಡಿನ ಪಿಸ್ತೂಲುಗಳ ಬೆಲೆ ಲಕ್ಷಗಳಿಗೆ ಏರಿತು. ಈ ಬೆಲೆಯನ್ನು ಕಂಡು ಜನ ಅದನ್ನು ಗುಣಮಟ್ಟದ ಗುರುತೆಂದು ತಿಳಿದರು. ಅದು ಅಭಾವದ ಬೆಲೆ ಅಷ್ಟೇ. ಎಂಬತ್ತು ವರ್ಷ ಎಣ್ಣೆ, ಬೆವರು, ಧೂಳು ಕುಡಿದ ಒಂದು ಯಂತ್ರದ ಒಳಗೇನಾಗಿದೆ ಎಂಬುದನ್ನು ಆ ಬೆಲೆ ಹೇಳುವುದಿಲ್ಲ.

ಒಳಗಾಗಿರುವುದು ಇದು. ಬ್ರೌನಿಂಗಿನ ಈ ಪಿಸ್ತೂಲಿಗೆ ಹೊರಗೆ ಕಾಣುವ ಹ್ಯಾಮರ್ ಇಲ್ಲ. ಕಾಡತೂಸನ್ನು ನಳಿಕೆಗೆ ಏರಿಸಿದ ಕ್ಷಣದಿಂದ ಫೈರಿಂಗ್ ಪಿನ್ನು ಬಿಗಿದ ಸ್ಪ್ರಿಂಗಿನ ಮುಂದೆ ಕಾದು ನಿಂತಿರುತ್ತದೆ. ಅದನ್ನು ತಡೆದು ಹಿಡಿದಿರುವುದು ಉಗುರಿನಷ್ಟು ದಪ್ಪದ ಒಂದು ಉಕ್ಕಿನ ಅಂಚು. ಹಿಡಿಕೆಯಲ್ಲಿರುವ ಸೇಫ್ಟಿ, ಪಕ್ಕದ ಗುಂಡಿ ಎಲ್ಲವೂ ಆ ಅಂಚನ್ನು ಕದಲದಂತೆ ಕಾಯುತ್ತವೆ. ಪಿನ್ನನ್ನೇ ಅಡ್ಡಗಟ್ಟಿ ನಿಲ್ಲಿಸುವ ವ್ಯವಸ್ಥೆ ಇದರಲ್ಲಿಲ್ಲ. ಅಂಚು ಸವೆದ ಪಿಸ್ತೂಲು ಕಲ್ಲುಹಾಸಿನ ಮೇಲೆ ಬಿದ್ದರೆ ತಾನಾಗಿಯೇ ಗುಂಡು ಹಾರಬಹುದು. ಇದರ ಜೊತೆಗೆ ಮತ್ತೊಂದು ಮರೆವಿದೆ: ಮ್ಯಾಗಜೀನ್ ತೆಗೆದರೆ ಬಂದೂಕು ಬರಿದಾಯಿತೆಂಬ ಭಾವನೆ. ನಳಿಕೆಯ ಹಿಂದೆ ಕೂತ ಒಂದು ಕಾಡತೂಸು ಅಲ್ಲೇ ಇರುತ್ತದೆ, ಮತ್ತು ಕಣ್ಣಿಗೆ ಕಾಣುವುದಿಲ್ಲ. ಖಂಡೇಪೂಜೆಯ ದಿನ ಕುಂಕುಮ ಹಚ್ಚಲು ಹೊರತೆಗೆದ ಪಿಸ್ತೂಲನ್ನು ಮನೆಯ ಮಕ್ಕಳು ಸರದಿಯಂತೆ ಮುಟ್ಟಿ ನಮಸ್ಕರಿಸುವಾಗ ನನಗೆ ಜೀವ ಝಲ್ಲೆನ್ನುವುದು ಇದಕ್ಕೇ. ಆ ಕುಂಕುಮದ ಪುಡಿ, ತುಕ್ಕು ಬರಬಾರದೆಂದು ಸವರಿದ ಕೊಬ್ಬರಿ ಎಣ್ಣೆ ಎರಡೂ ಸೇರಿ ಒಳಗೆ ಅಂಟಾಗುತ್ತವೆ. ಬೇಕಾದಾಗ ಕೆಲಸ ಮಾಡದ, ಬೇಡವಾದಾಗ ಕೆಲಸ ಮಾಡಿಬಿಡುವ ಆಯುಧ ತಯಾರಾಗುವುದು ಹೀಗೆ.

6.35ರ ಕಾಡತೂಸಂತೂ ಸಿಗುವುದೇ ಕಷ್ಟ. ಇರುವ ನಾಲ್ಕೆಂಟನ್ನು ವರ್ಷಾನುಗಟ್ಟಲೆ ಜೋಪಾನ ಮಾಡಿಟ್ಟುಕೊಂಡವರು ಒಂದನ್ನೂ ಹಾರಿಸಿ ನೋಡಿರುವುದಿಲ್ಲ.

ಇನ್ನು ಪ್ರಬಲ್. 2021ರ ಅಕ್ಟೋಬರ್‌ನಲ್ಲಿ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದರಲ್ಲ, ಅವುಗಳಲ್ಲೊಂದಾದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಇದನ್ನು ಮಾಡುತ್ತದೆ. .32 ಬೋರು, 76 ಮಿ.ಮೀ. ನಳಿಕೆ, ಕಾಡತೂಸಿಲ್ಲದೆ 700 ಗ್ರಾಂ ತೂಕ. ಗುರಿ 50 ಮೀಟರಿನವರೆಗೆ ಹೋಗುತ್ತದೆ ಎಂಬುದೇ ಇದರ ದೊಡ್ಡ ಪ್ರಚಾರ. ಆ ಪ್ರಚಾರವನ್ನು ನಾನು ಬದಿಗಿಡುತ್ತೇನೆ. ಆತ್ಮರಕ್ಷಣೆಯ ಸಂದರ್ಭ ಬಂದರೆ ಅದು ಒಂದು ಕೋಣೆಯ ಅಗಲದೊಳಗೆ ಬರುತ್ತದೆ. ಐವತ್ತು ಮೀಟರ್ ದೂರದವನ ಮೇಲೆ ಗುಂಡು ಹಾರಿಸಿ ಆತ್ಮರಕ್ಷಣೆ ಎಂದು ಕೋರ್ಟಿನಲ್ಲಿ ಒಪ್ಪಿಸುವುದು ಯಾವ ವಕೀಲರಿಗೂ ಸುಲಭವಲ್ಲ.

ನಿಜವಾದ ಸುಧಾರಣೆ ಸಿಲಿಂಡರಿನಲ್ಲಿದೆ. ಹಿಂದಿನ ಸರ್ಕಾರಿ .32 ರಿವಾಲ್ವರ್ ವೆಬ್ಲಿಯ ಹಳೆಯ ನಮೂನೆಯದು, ನಡುವೆ ಮುರಿದಂತೆ ಬಗ್ಗಿಸಿ ತೆರೆಯಬೇಕು. 2014ರಲ್ಲಿ ಹೆಂಗಸರಿಗಾಗಿ ಎಂದು 1,22,360 ರೂಪಾಯಿಗೆ ತಂದ 500 ಗ್ರಾಮಿನ ‘ನಿರ್ಭೀಕ್’ ಕೂಡ ಅದೇ ವಂಶ. ಪ್ರಬಲ್‌ನ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆದುಕೊಳ್ಳುತ್ತದೆ. ತೆರೆದ ತಕ್ಷಣ ಕಾಡತೂಸಿನ ಮನೆಗಳೆಲ್ಲ ಕಣ್ಣಮುಂದೆ. ತುಂಬಿದೆಯೋ ಖಾಲಿಯೋ ಎಂಬ ಅನುಮಾನಕ್ಕೆ ಎಡೆಯೇ ಇಲ್ಲ. ಟ್ರಿಗರನ್ನು ಪೂರ್ತಿ, ಬಲವಾಗಿ ಎಳೆಯುವವರೆಗೆ ಹ್ಯಾಮರ್ ವಿಶ್ರಾಂತಿಯಲ್ಲಿರುತ್ತದೆ. ಬಿಗಿದಿಟ್ಟ ಸ್ಪ್ರಿಂಗು ವರ್ಷಗಟ್ಟಲೆ ಕಾಯುವ ಪ್ರಮೇಯ ಬರುವುದಿಲ್ಲ. ಮನೆಯಲ್ಲಿಡುವ ಆಯುಧಕ್ಕೆ ಇದಕ್ಕಿಂತ ಮುಖ್ಯವಾದ ಗುಣ ನನಗೆ ತೋರುವುದಿಲ್ಲ. ಆದರೆ ಇದನ್ನು ಹೊಸ ಆವಿಷ್ಕಾರವೆಂದು ಕೊಂಡಾಡುವವರು ಒಂದು ಸಂಗತಿ ಗಮನಿಸಬೇಕು. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಪಕ್ಕಕ್ಕೆ ಹೊರಳುವ ಸಿಲಿಂಡರಿನ .32 ರಿವಾಲ್ವರನ್ನು 1896ರಲ್ಲೇ ಮಾರುತ್ತಿತ್ತು, ಮತ್ತು ಪ್ರಬಲ್ ಹಾರಿಸುವ .32 ಲಾಂಗ್ ಕಾಡತೂಸು ಹುಟ್ಟಿದ್ದೂ ಆ ರಿವಾಲ್ವರಿನ ಜೊತೆಗೇ. ಬ್ರೌನಿಂಗ್‌ನ .25 ಕಾಡತೂಸು ಬಂದದ್ದು 1905ರಲ್ಲಿ. ಅಂದರೆ ಹಳೆಯ ಪಿಸ್ತೂಲು ಕೊಟ್ಟು ಹೊಸ ರಿವಾಲ್ವರ್ ತಂದವನು ಕಾಡತೂಸಿನ ಲೆಕ್ಕದಲ್ಲಿ ಒಂಬತ್ತು ವರ್ಷ ಹಿಂದಕ್ಕೆ ಹೋಗಿದ್ದಾನೆ. .25ರ ಗುಂಡಿನ ಶಕ್ತಿ ಸುಮಾರು 85 ಜೌಲ್, .32 ಲಾಂಗಿನದು 150ರ ಆಸುಪಾಸು. ಕಾಗದದ ಮೇಲೆ ದುಪ್ಪಟ್ಟಿಗೆ ಹತ್ತಿರ ಕಾಣುವ ಈ ಅಂಕಿ ಪೊಲೀಸರ 9 ಮಿ.ಮೀ. ಪಿಸ್ತೂಲಿನ ಮುಂದೆ ಮೂರನೇ ಒಂದು ಪಾಲಿನಷ್ಟೇ.

ಹಳೆಯದು .25 ಆಗಿರದೆ .32ರ ಪಿಸ್ತೂಲೇ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಪಿಸ್ತೂಲಿನ .32, ರಿವಾಲ್ವರಿನ .32 ಎರಡಕ್ಕೂ ಬಾಯಿಮಾತಿನಲ್ಲಿ ಹೆಸರು ಒಂದೇ. ಕಾಡತೂಸು ಬೇರೆ, ಒಳಗಿನ ಒತ್ತಡವೂ ಬೇರೆ. ಉಳಿದ ಹಳೆಯ ಕಾಡತೂಸು ಹೊಸ ರಿವಾಲ್ವರಿನ ಸಿಲಿಂಡರಿನಲ್ಲಿ ಕೂತುಬಿಡಬಹುದು. ಕೂತಿತೆಂದು ಹಾರಿಸಬಾರದು, ಕೈಗೆ ಅಪಾಯ. ಹೆಚ್ಚಿನವರಿಗೆ ಇದನ್ನು ಹೇಳುವವರೇ ಇಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಮರೆಯಾಗಿ ಒಯ್ಯುವ ಪಿಸ್ತೂಲಿನ ಲೋಕವೇ ಬದಲಾಗಿದೆ. 2018ರಲ್ಲಿ ಬಂದ ಸಿಗ್ ಪಿ365 ಎಂಬುದು ಸುಮಾರು ಅರ್ಧ ಕೆ.ಜಿ. ತೂಕದಲ್ಲಿ 9 ಮಿ.ಮೀ.ನ ಹತ್ತು ಕಾಡತೂಸು ತುಂಬಿಕೊಳ್ಳುತ್ತದೆ. ಮೊಬೈಲಿನಲ್ಲಿ ಆ ವೀಡಿಯೊಗಳನ್ನು ನೋಡಿದ ನಮ್ಮ ಹುಡುಗರು ಪ್ರಬಲನ್ನು ಅದಕ್ಕೆ ಹೋಲಿಸುತ್ತಾರೆ. ನಮ್ಮಲ್ಲಿ 9 ಮಿ.ಮೀ. ನಿಷೇಧಿತ ಬೋರು, ಸಾಮಾನ್ಯ ಲೈಸೆನ್ಸಿಗೆ ಸಿಗದು. ಹಾಗಾಗಿ ಆ ಹೋಲಿಕೆಗೆ ಅರ್ಥವಿಲ್ಲ. ಪ್ರಬಲನ್ನು ಈಶಾಪುರದ ‘ಅಶನಿ’ ಪಿಸ್ತೂಲಿನ ಪಕ್ಕದಲ್ಲಿ, ಹಳೆಯ ಸರ್ಕಾರಿ ರಿವಾಲ್ವರಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಅಲ್ಲಿ ಅದು ಗೆಲ್ಲುತ್ತದೆ.

ಒಯ್ಯುವ ಪ್ರಶ್ನೆಯಲ್ಲಿ ಸೋಲುತ್ತದೆ. ಬ್ರೌನಿಂಗಿನ ಹೆಚ್ಚುಕಡಿಮೆ ಎರಡರಷ್ಟು ತೂಕ, ಸಿಲಿಂಡರಿನ ಉಬ್ಬು ಬೇರೆ. ಏಪ್ರಿಲ್‌, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸಿಂಧನೂರಿನ ಬಿಸಿಲಿನಲ್ಲಿ ತೆಳ್ಳನೆಯ ಬಿಳಿ ಅಂಗಿ ತೊಟ್ಟವನ ಸೊಂಟದಲ್ಲಿ ಅದು ಅಡಗಲಾರದು. ಧೋತರದವರ ಪಾಡು ಇನ್ನೂ ಕಷ್ಟ. ಒಳ್ಳೆಯ ಬೆಲ್ಟು, ಚರ್ಮದ ಹೋಲ್‌ಸ್ಟರ್ ಇಲ್ಲದೆ ಸಿಕ್ಕಿಸಿಕೊಂಡರೆ ಬಿದ್ದೇ ಬೀಳುತ್ತದೆ. ಬೆವರು ಉಕ್ಕಿಗೆ, ಗಿರಣಿಯ ತೌಡಿನ ಧೂಳು ಸಿಲಿಂಡರಿನ ಸಂದಿಗೆ. ಅಲ್ಲದೆ ಅದನ್ನು ಒಯ್ಯುವ ಮೂಲ ಕಾರಣವೇ ಸವೆಯುತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಭತ್ತದ ವ್ಯಾಪಾರ ಬೆಳೆದ ಕಾಲದಲ್ಲಿ ನೋಟಿನ ಚೀಲ ಹೊತ್ತು ರಾತ್ರಿ ಜೀಪಿನಲ್ಲಿ ಬರುವ ವ್ಯಾಪಾರಿಗೆ ಭಯವಿತ್ತು, ಆ ಭಯ ನ್ಯಾಯವಾದದ್ದೂ ಹೌದು. ಇಂದು ಆ ಹಣದ ಬಹುಪಾಲು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ.

ಹಾಗಿದ್ದೂ ಸೊಂಟ ಖಾಲಿಯಾಗಿಲ್ಲ. ಇದಕ್ಕೆ ಈ ಸೀಮೆಯ ನೆನಪೂ ಕಾರಣ. ಲಿಂಗಸುಗೂರು ಹತ್ತೊಂಬತ್ತನೆಯ ಶತಮಾನದಲ್ಲಿ ದಂಡಿನ ಠಾಣ್ಯವಾಗಿತ್ತು; 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ಹೋದ ಪಡೆ ಹೊರಟದ್ದು ಇಲ್ಲಿಂದ. ಅದಕ್ಕೆ ಎರಡು-ಮೂರು ತಿಂಗಳ ಹಿಂದೆ ಮುಧೋಳ ಸೀಮೆಯ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ಹೋರಾಡಿ ಪ್ರಾಣ ತೆತ್ತರು. ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮನದು. ರಜಾಕಾರರ ಕಾಲದಲ್ಲಿ ಬಂದೂಕಿಲ್ಲದ ಹಳ್ಳಿಯ ಕಷ್ಟವನ್ನು ಕೇಳಿ ಬೆಳೆದ ಮನೆಗಳಿವೆ. ಆಯುಧ ಕೈಯಲ್ಲಿರಬೇಕೆಂಬ ಭಾವನೆಗೆ ಇಲ್ಲಿ ಬೇರಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಹಲಗಲಿಯವರು ಕಾಯ್ದುಕೊಂಡದ್ದು ಇಡೀ ಊರಿನ ಮಾನವನ್ನು. ಮದುವೆಯ ಮೆರವಣಿಗೆಯಲ್ಲಿ ಅಂಗಿ ಸರಿಸಿ ಹಿಡಿಕೆ ತೋರಿಸುವವನು, ಗಾಳಿಯಲ್ಲಿ ಗುಂಡು ಹಾರಿಸುವವನು ಕಾಯುತ್ತಿರುವುದು ತನ್ನೊಬ್ಬನ ಠೀವಿಯನ್ನು. ಆಯುಧ ಕಾಯ್ದೆಯ 2019ರ ತಿದ್ದುಪಡಿ ಅಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಿದೆ. ಬಹಳ ಮುಂಚೆಯೇ ಬರಬೇಕಾಗಿದ್ದ ಕಾನೂನು ಅದು.

ಮಸ್ಕಿಯ ವಿಷಯದಲ್ಲಿ ಇನ್ನೊಂದು ಮಾತು ವಿಶೇಷವಾಗಿ ಹೇಳಬೇಕು. ಅಲ್ಲಿ 2018ರ ಮೇನಲ್ಲಿ ವಿಧಾನಸಭೆ, 2019ರ ಏಪ್ರಿಲ್‌ನಲ್ಲಿ ಲೋಕಸಭೆ, 2021ರ ಏಪ್ರಿಲ್ 17ಕ್ಕೆ ಉಪಚುನಾವಣೆ, 2023ರ ಮೇನಲ್ಲಿ ಮತ್ತೆ ವಿಧಾನಸಭೆ, 2024ರ ಮೇನಲ್ಲಿ ಮತ್ತೆ ಲೋಕಸಭೆ. ಚುನಾವಣೆ ಘೋಷಣೆಯಾದರೆ ಲೈಸೆನ್ಸುದಾರರ ಬಂದೂಕುಗಳ ಪರಿಶೀಲನೆ ನಡೆಯುತ್ತದೆ; ಹೆಚ್ಚಿನವನ್ನು ಠಾಣೆಗೆ ಜಮಾ ಮಾಡಬೇಕಾಗುತ್ತದೆ, ಫಲಿತಾಂಶದ ನಂತರ ವಾಪಸು. ಎದುರಾಳಿಗಳ ಭಯವಿದೆ ಎಂದು ಲೈಸೆನ್ಸ್ ಪಡೆದ ರಾಜಕಾರಣಿಯ ಕೈಯಲ್ಲಿ, ಭಯ ಅತಿ ಹೆಚ್ಚಾಗುವ ವಾರಗಳಲ್ಲಿ ಆಯುಧ ಇರುವುದೇ ಇಲ್ಲ. ಈ ಜಮಾ ಪದ್ಧತಿ ಸರಿಯಾದದ್ದು, ಅದರಿಂದ ಊರು ತಣ್ಣಗಿರುತ್ತದೆ. ಆದರೆ ಆ ವಾರಗಳನ್ನು ಅವನು ರಿವಾಲ್ವರಿಲ್ಲದೆ ಕಳೆದಿದ್ದಾನೆ ಎಂದ ಮೇಲೆ, ಉಳಿದ ದಿನಗಳಲ್ಲಿ ಅದು ಎಷ್ಟು ಅಗತ್ಯ ಎಂದು ತನ್ನನ್ನು ತಾನೇ ಕೇಳಿಕೊಳ್ಳಬಹುದು.

ಬದಲಾಯಿಸಲೇಬೇಕೆಂದವರಿಗೆ ದಾರಿ ನಿಧಾನದ್ದು. 1959ರ ಆಯುಧ ಕಾಯ್ದೆಯ ಪ್ರಕಾರ ಹಳೆಯದನ್ನು ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರೆದು ತಿಳಿಸಿ 45 ದಿನ ಕಾಯಬೇಕು. 2019ರಿಂದ ಒಬ್ಬರಿಗೆ ಎರಡೇ ಬಂದೂಕು. ತಂದೆಯ ಪಿಸ್ತೂಲು, ಹೊಲದ ಕಾವಲಿನ ಬಂದೂಕು ಎರಡೂ ಹೆಸರಿನಲ್ಲಿದ್ದವರು ಒಂದನ್ನು ಬಿಡದೆ ಹೊಸದನ್ನು ತರಲಾಗದು. ಈ ಮಿತಿಯೇ ಎಷ್ಟೋ ಮನೆಗಳ ಹಳೆಯ ಬ್ರೌನಿಂಗನ್ನು ಅಲ್ಮಾರಿಯಿಂದ ಹೊರತರುತ್ತಿದ್ದರೆ ಅದು ಒಳ್ಳೆಯದೇ.

ಹೊಸದನ್ನು ತಂದವರು ಅದಕ್ಕೆ ಕೊಟ್ಟ ದುಡ್ಡಿನ ಜೊತೆಗೆ ಇನ್ನೆರಡು ಖರ್ಚು ಹಾಕಿಕೊಳ್ಳಬೇಕು. ಒಂದು, ತರಬೇತಿ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವುದು ರೈಫಲ್ಲು. ಅಲ್ಲಿ ಕಲಿತ ಶಿಸ್ತು ಉಪಯೋಗಕ್ಕೆ ಬರುತ್ತದೆ, ಆದರೆ ಗಿಡ್ಡ ನಳಿಕೆಯ ರಿವಾಲ್ವರಿನ ಕೈವಾಟ ಬೇರೆಯೇ. ಹಾರಿಸಿ ಅಭ್ಯಾಸವಿಲ್ಲದವನು ಗಾಬರಿಯಲ್ಲಿ ಹಾರಿಸಿದ ಗುಂಡು ಪಕ್ಕದವನಿಗೆ ತಗಲುತ್ತದೆ. ಎರಡನೆಯದು ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆ. ಹಾಸಿಗೆಯ ತಲೆದೆಸೆ, ಬಟ್ಟೆಯ ಅಲ್ಮಾರಿ, ದೇವರ ಮನೆ ಇವಾವೂ ಬಂದೂಕು ಇಡುವ ಜಾಗಗಳಲ್ಲ. ಕಾಡತೂಸು ಬೇರೊಂದು ಬೀಗದಲ್ಲಿರಲಿ. ಬೆಳೆ ಕೈಕೊಟ್ಟ ವರ್ಷ ಮನಸ್ಸು ಕುಗ್ಗಿದ ಮನುಷ್ಯನಿಗೆ, ಗಂಡಹೆಂಡಿರ ಜಗಳ ಏರಿದ ರಾತ್ರಿಗೆ, ಆಟದ ಸಾಮಾನು ಹುಡುಕುವ ಆರು ವರ್ಷದ ಮಗುವಿಗೆ ಆ ಎರಡು ಬೀಗಗಳ ನಡುವಿನ ಹೊತ್ತು ಜೀವ ಉಳಿಸಬಹುದು. ಪ್ರಬಲ್ ಕೊಳ್ಳಲು ದುಡ್ಡಿದೆ, ಪೆಟ್ಟಿಗೆಗೆ ಆಮೇಲೆ ನೋಡೋಣ ಎನ್ನುವವರು ರಿವಾಲ್ವರನ್ನೇ ಆಮೇಲೆ ನೋಡಲಿ.

ಹಳೆಯ ಪಿಸ್ತೂಲನ್ನು ಲೈಸೆನ್ಸ್ ಇರುವ ಡೀಲರಿಗೆ ಒಪ್ಪಿಸುವಾಗ ಅದರ ಮ್ಯಾಗಜೀನು, ಡಬ್ಬಿಯಲ್ಲಿ ಉಳಿದ ಪ್ರತಿಯೊಂದು ಕಾಡತೂಸನ್ನೂ ಜೊತೆಗೆ ಕೊಡಿ. ನಂಬರ್ ಬರೆದ ರಸೀದಿ ತೆಗೆದುಕೊಂಡು, ಲೈಸೆನ್ಸ್ ಪುಸ್ತಕದಲ್ಲಿ ಆ ಹಳೆಯ ನಮೂದು ರದ್ದಾದದ್ದನ್ನು ಕಣ್ಣಾರೆ ನೋಡಿಕೊಂಡೇ ರಾಯಚೂರಿನಿಂದ ಬಸ್ ಹತ್ತಿ.